ನಾಲ್ಕು ಗಂಟೆಯ ಎಣಿಕೆ

ಪ್ರೀತಿಯ ಓಡೆಲ್,

ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಯೋಚಿಸುತ್ತಲೇ ಐದು ತಿಂಗಳು ಕಳೆದುಬಿಟ್ಟೆ.

ನಮ್ಮ ಈ ಫೆಡರಲ್ ಜೈಲು ಕ್ಯಾಂಪಿಗೆ ಇವತ್ತಿಗೂ ಬೇಲಿಯಿಲ್ಲ. ಹುಲ್ಲಿನ ಅಂಚಿಗೆ ಸುಣ್ಣ ಬಳಿದ ಕಲ್ಲುಗಳು, ಅಷ್ಟೆ. ಮೊದಲ ದಿನ ನಾನು ಅವನ್ನು ನೋಡಿ ನಕ್ಕಿದ್ದಕ್ಕೆ, "ನಗಬೇಡಿ ಡಾಕ್ಟ್ರೇ, ಗೋಡೆ ಯಾರು ಬೇಕಾದ್ರೂ ಹಾರ್ತಾರೆ, ಈ ಕಲ್ಲು ದಾಟೋಕೆ ಎದೆ ಬೇಕು" ಎಂದಿದ್ದೆ ನೀನು. ನಾನೆಲ್ಲಿಯ ಡಾಕ್ಟರು? ಸುಳ್ಳು ಚೀಟಿಗೆ ನೋವಿನ ಗುಳಿಗೆ ಕೊಟ್ಟು ಸಿಕ್ಕಿಬಿದ್ದ ಔಷಧಿ ಅಂಗಡಿಯವನು. ಗೊತ್ತಿದ್ದೂ ನೀನು ಹಾಗೇ ಕರೆಯುತ್ತಿದ್ದೆ.

ನಿನಗೆ ವ್ಯಾನ್ ಓಡಿಸುವ ಕೆಲಸ. ಬಿಡುಗಡೆಯಾದವರನ್ನು ಊರಿನ ಬಸ್ಸಿಗೆ ಬಿಟ್ಟು, ನಾಲ್ಕು ಗಂಟೆಗೆ ಕೈದಿಗಳ ತಲೆ ಎಣಿಸುವುದರೊಳಗೆ ಒಬ್ಬನೇ ವಾಪಸ್ಸು ಬರಬೇಕು. ದಾರಿ ಬಿಟ್ಟರೆ ಓಡಿಹೋದ ಹಾಗೇ ಲೆಕ್ಕ. ಇದೆಲ್ಲ ಗೊತ್ತಿದ್ದೂ ನಾನು ಬೇಡಿದೆ. ಮಗಳು ಕೊರಿನ್ ನನಗೆ ಪತ್ರ ಬರೆಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಆ ಶುಕ್ರವಾರ ಅದೇ ಊರಿನ ಚರ್ಚಿನಲ್ಲಿ ಅವಳ ಮದುವೆ. ನಾನು ರಜೆ ಕೇಳಿದ್ದೆ, ಕೊಡಲಿಲ್ಲ. "ಬಾಗಿಲಲ್ಲಿ ನಿಂತು ಒಂದ್ಸಲ ನೋಡ್ಕೊಂಡು ಬಾ ಮಾರಾಯ" ಎಂದೆ. ನಿನ್ನ ಬಿಡುಗಡೆಗೆ ನಲವತ್ತೇ ದಿನವಿತ್ತು. ನಿನ್ನ ಹೆಂಡತಿ ಲೂಸಿಲ್ ಮನೆಯ ಜಗಲಿಗೆ ಬಣ್ಣ ಹೊಡೆಸಿ ನಿನ್ನ ದಾರಿ ಕಾಯುತ್ತಿದ್ದಳು. ಆದರೂ ನೀನು, "ಕರೀದೇ ಇರೋ ಮದ್ವೇಲೇ ಊಟ ರುಚಿ, ಡಾಕ್ಟ್ರೇ" ಎಂದು ನಕ್ಕು ಹೊರಟೆ.

ನಾಲ್ಕಕ್ಕೆ ಎಲ್ಲರೂ ನಮ್ಮ ನಮ್ಮ ಮಂಚದ ಪಕ್ಕ ನಿಂತೆವು. ನಿನ್ನ ಮಂಚದ ಪಕ್ಕ ಯಾರೂ ಇರಲಿಲ್ಲ. ಮತ್ತೆ ಎಣಿಸಿದರು. ನೀನು ಬಂದದ್ದು ಏಳು ನಿಮಿಷ ತಡವಾಗಿ. "ಎಲ್ಲಿಗೆ ಹೋಗಿದ್ದೆ? ಯಾರು ಕಳ್ಸಿದ್ದು?" ಎಂದು ಅಧಿಕಾರಿ ಟ್ಯಾಕೆಟ್ ಎಲ್ಲರೆದುರೇ ಕೇಳಿದ. "ಯಾರೂ ಇಲ್ಲ ಸಾರ್. ಚರ್ಚ್ ಕಾಣಿಸ್ತು, ಒಳಗೆ ಹೋಗೋಣ ಅನ್ನಿಸ್ತು" ಎಂದೆ ನೀನು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಬೇಡಿ ತೊಡಿಸಿ ಕರೆದೊಯ್ಯುವಾಗ ನೀನು ನನ್ನನ್ನು ದಾಟುತ್ತಾ, "ಕೈಯಲ್ಲಿ ಹಳದಿ ಹೂವಿತ್ತು, ನಗ್ತಾ ಇದ್ಲು" ಎಂದು ಪಿಸುಗುಟ್ಟಿದೆ. ನಿನ್ನನ್ನು ಬೇಲಿಯಿರುವ ಜೈಲಿಗೆ ಹಾಕಿದರು. ನಲವತ್ತು ದಿನ ಹೋಗಿ ಒಂದು ವರ್ಷವಾಯಿತಂತೆ.

ಕಳೆದ ಭಾನುವಾರ ಕೊರಿನ್ ನನ್ನನ್ನು ನೋಡಲು ಬಂದಿದ್ದಳು. "ಜೈಲಿನ ಹಸಿರು ಬಟ್ಟೆ ಹಾಕ್ಕೊಂಡು ಒಬ್ರು ಬಾಗ್ಲಲ್ಲಿ ನಿಂತಿದ್ರಪ್ಪ. ನಿಮ್ಮಪ್ಪ ಆಶೀರ್ವಾದ ಕಳ್ಸಿದಾರೆ ಅಂದ್ರು. ಹೊತ್ತಾಯ್ತು ಅಂತ ಹೊರಟವರನ್ನ, ಕೇಕ್ ತಿನ್ನದೆ ಹೋಗಬಾರ್ದು ಅಂತ ನಾನೇ ತಡೆದೆ. ಅವರು ಹೇಗಿದಾರೆ?" ಎಂದು ಕೇಳಿದಳು.

"ಚೆನ್ನಾಗಿದಾನೆ, ಮನೆಗೆ ಹೋದ" ಎಂದೆ ನಾನು. ಥೂ ನನ್ನ ಜನ್ಮಕ್ಕೆ. ನೀನು ದೊರಕಿಸಿಕೊಟ್ಟ ಮಗಳೆದುರೇ ನಿನ್ನನ್ನು ಎರಡನೇ ಸಲ ಕೈಬಿಟ್ಟೆ. ಅವಳ ಕಣ್ಣಲ್ಲಿ ಮತ್ತೆ ಕೀಳಾಗುವುದಕ್ಕೆ ಹೆದರಿದೆ.

ಇನ್ನು ಹತ್ತು ದಿನಕ್ಕೆ ನನ್ನ ಬಿಡುಗಡೆ. ಅದೇ ವ್ಯಾನಿನಲ್ಲಿ ನನ್ನನ್ನೂ ಬಸ್ಸಿಗೆ ಬಿಡುತ್ತಾರೆ. ಆದರೆ ಕೈದಿಯೊಬ್ಬ ಇನ್ನೊಬ್ಬ ಕೈದಿಗೆ ಬರೆದ ಪತ್ರ ಅಧಿಕಾರಿಯ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಮೊದಲು ಓದುವವನು ಟ್ಯಾಕೆಟ್. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆದಿದ್ದೇನೆ. ಲಕೋಟೆ ಅಂಟಿಸಿಲ್ಲ. ಇವತ್ತಿನ ಎಣಿಕೆಯಲ್ಲಿ, ಎಲ್ಲರೆದುರು, ಅವನ ಕೈಗೇ ಕೊಡುತ್ತೇನೆ. ನನ್ನ ಹತ್ತು ದಿನ ಎಷ್ಟಾಗುತ್ತದೋ ಆಗಲಿ. ನಿನ್ನ ಶಿಕ್ಷೆ ಇದರಿಂದ ಇಳಿಯುತ್ತದೋ ಇಲ್ಲವೋ ನನಗೆ ತಿಳಿಯದು. ಕೊರಿನ್‌ಗೂ ಇದನ್ನೇ ಬರೆದಿದ್ದೇನೆ.

ಲೂಸಿಲ್ ಹೊಡೆಸಿದ ಬಣ್ಣ ಮಾಸುವ ಮೊದಲೇ ನೀನು ಮನೆ ಸೇರುವಂತಾಗಲಿ, ಓಡೆಲ್.

ನಿನ್ನನ್ನು ಕಳಿಸಿದವನು,
ವರ್ನನ್ ಹ್ಯಾಸ್ಕಿನ್ಸ್