ಬಿಸಿನೀರಿನ ಕಪಾಟು

ಜೂನ್ 9, ಭಾನುವಾರ
ಬ್ಯಾರೆಲ್ ಮತ್ತೆ ತೊಳೆದೆ. ಅಣ್ಣ ಅಲಿಸ್ಟರ್ ಕೊಟ್ಟ ಲಾಗರ್ ಬಿಯರಿನ ಕಿಟ್ ಒಂದು ತಿಂಗಳಿಂದ ಬಿದ್ದಿತ್ತು, ಪೋಸ್ಟಿನಲ್ಲಿ ಬೇರೆ ಯೀಸ್ಟ್ ಬರಲೆಂದು ಕಾದದ್ದು. ಇವತ್ತು ಡಬ್ಬಿಯ ಪಾಕ ಸುರಿಯುವಾಗ ಅವನೂ ಬಂದು ನಿಂತ.

"ಮುಚ್ಚಳದ ಕೆಳಗೇ ಒಂದು ಯೀಸ್ಟ್ ಪೊಟ್ಟಣ ಇದೆಯಲ್ಲೇ. ಅದನ್ನ ಸುರಿದು ಬಿಸಿನೀರಿನ ಕಪಾಟಲ್ಲಿಡು. ಈ ತಿಂಗಳೇ ಕುಡಿಯೋಣ."

"ಅದು ಹೆಸರಿಗಷ್ಟೇ ಲಾಗರ್ ಕಣೋ. ಒಳಗಿರೋದು ಸೆಕೆ ಬೇಡೋ ಏಲ್ ಯೀಸ್ಟು. ನಂದು ನಿಜವಾದ್ದು, ಚಳಿಯದ್ದು. ಹನ್ನೆರಡು ಡಿಗ್ರಿ, ಎಂಟು ವಾರ."

"ಆಗಸ್ಟ್ ಆಗೋಗುತ್ತೆ ರೋನಾ."

"ಆಗ್ಲಿ. ನಿನ್ನ ಬಿಯರಿನ ಥರ ಬಾಳೆಹಣ್ಣಿನ ವಾಸನೆ ಹೊಡೆಯಲ್ಲ."

ನಕ್ಕ. ಅವನ ಮನೆಯಲ್ಲಿ ಬಿಸಿನೀರಿನ ಟ್ಯಾಂಕ್ ಇಟ್ಟು ಟವೆಲ್ ಒಣಗಿಸುವ ಕಪಾಟಿನಲ್ಲೇ ಇಪ್ಪತ್ತು ವರ್ಷದಿಂದ ಬಿಯರ್ ಮಾಡುತ್ತಿದ್ದಾನೆ. ಟವೆಲ್ಲೂ ಬಿಯರ್ ವಾಸನೆ. ಕೆಮ್ಮುತ್ತಲೇ ಹೊರಟ. ಬ್ಯಾರೆಲ್ ಬಟ್ಟೆ ಒಗೆಯುವ ಕೋಣೆಯಲ್ಲಿದೆ.

ಜೂನ್ 15
ಭೂಮಿಯ ಈ ದಕ್ಷಿಣ ತುದಿಯಲ್ಲಿ ಜೂನ್ ಅಂದರೆ ನಡುಚಳಿಗಾಲ; ನಮ್ಮೂರು ಇನ್ವರ್‌ಕಾರ್ಗಿಲ್ ಪೂರ್ತಿ ಬಿಳಿ ಹಿಮ. ಬ್ಯಾರೆಲ್ಲಿಗೆ ಅಂಟಿಸಿದ ಪಟ್ಟಿ ಏಳು ಡಿಗ್ರಿ ತೋರಿಸುತ್ತಿದೆ. ಗುಳ್ಳೆ ಬರುತ್ತಿಲ್ಲ... ಹಳೆಯ ಕಂಬಳಿ ಸುತ್ತಿದೆ.

ಅಲಿಸ್ಟರ್ ಚೀಸ್ ರೋಲ್ ತಂದ. ತಾನು ಒಂದನ್ನೇ ತುಂಬ ಹೊತ್ತು ಅಗಿದ.

"ಕಪಾಟಿಗೆ ಹಾಕೇ. ಪಾಪ, ಅದಕ್ಕೂ ಚಳಿ."

"ಬೇಡ. ತಾನಾಗೇ ಏಳುತ್ತೆ."

"ಹೋಗ್ಲಿ, ಬ್ಯಾರೆಲ್ ನಲ್ಲಿಯಿಂದ ಅರ್ಧ ಗ್ಲಾಸ್ ಹಿಡಿದುಕೊಡು. ಹೇಗಿದೆ ನೋಡ್ತೀನಿ."

"ಬರೀ ಸಕ್ಕರೆ ನೀರು. ಕಾಯೋಕಾಗಲ್ವಾ ನಿಂಗೆ?"

ಬ್ಯಾರೆಲ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದ. ಆಸೆಬುರುಕ ಅಂದುಕೊಂಡೆ.

ಜೂನ್ 20
ಅತ್ತಿಗೆ ನೋಲೀನ್ ಒಬ್ಬಳೇ ಬಂದಿದ್ದಳು. ಕೋಟು ಬಿಚ್ಚಲಿಲ್ಲ.

ಅಲಿಸ್ಟರನಿಗೆ ಗಂಟಲಲ್ಲಿ ಕ್ಯಾನ್ಸರ್. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ರೇಡಿಯೇಶನ್. ಡನೀಡಿನ್‌ನ ದೊಡ್ಡಾಸ್ಪತ್ರೆಯಲ್ಲಿ.

"ವಾಸಿಯಾಗುತ್ತೆ ಅಂತಾರೆ. ಆದ್ರೆ ನಾಲಿಗೆಗೆ ರುಚಿ ಹೋಗುತ್ತಂತೆ. ವಾಪಸ್ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಅದಕ್ಕೇ ನಿಂಗೆ ಕಿಟ್ ತಂದುಕೊಟ್ಟ. ರುಚಿ ಇರೋವಾಗ ತಂಗಿ ಮಾಡಿದ್ದೊಂದು ಗ್ಲಾಸ್ ಕುಡೀಬೇಕು ಅಂತಿದ್ದ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತಾ ಬಿಯರ್ ಮಾಡ್ತೀಯ, ಉಪ್ಪಾಗುತ್ತೆ ಅಂದ."

ಅವಳು ಹೋದ ಮೇಲೆ ಟವೆಲ್ಲೆಲ್ಲ ಹೊರಗೆಳೆದು ಬ್ಯಾರೆಲ್ಲನ್ನು ನಮ್ಮನೆಯ ಬಿಸಿನೀರಿನ ಕಪಾಟಿಗೆ ನೂಕಿದೆ. ಸೊಂಟ ಹಿಡಿದುಕೊಂಡಿದೆ. ಮುಚ್ಚಳದ ಪೊಟ್ಟಣವನ್ನೇ ಸುರಿದಿದ್ದರೆ ಇಷ್ಟು ಹೊತ್ತಿಗೆ ಬಾಟಲಿಗೆ ತುಂಬಿರುತ್ತಿದ್ದೆ.

ಜೂನ್ 22
ಇಪ್ಪತ್ತೆಂಟು ಡಿಗ್ರಿ. ಹುಚ್ಚು ಹಿಡಿದಂತೆ ಗುಳ್ಳೆ. ಚಳಿಯ ಯೀಸ್ಟಿಗೆ ಈ ಸೆಕೆ ಸಲ್ಲದು, ಗೊತ್ತು. ಮನೆಯೆಲ್ಲ ನೇಲ್ ಪಾಲಿಶ್ ವಾಸನೆ.

ಜೂನ್ 28
ಬಾಟಲಿಗೆ ತುಂಬಿದೆ. ಗ್ಯಾಸ್ ಏರಲು ಇನ್ನೂ ಎರಡು ವಾರ ಬೇಕು. ಅವನು ಭಾನುವಾರ ಹೊರಡುತ್ತಾನೆ.

ಒಂದು ಜಗ್ಗಿನಲ್ಲಿ ಹಾಗೇ ಒಯ್ಯಬಹುದಿತ್ತು. ಜಗ್ ತುಂಬಿಸಿಯೂ ಇಟ್ಟೆ. ನಾನೇ ಒಂದು ಗುಟುಕು ಕುಡಿದೆ — ಚಪ್ಪೆ, ಘಾಟು, ಬಾಳೆಹಣ್ಣು. ಅವನ ನಾಲಿಗೆಗೆ ಕೊನೆಯ ರುಚಿ ಇದಾಗಬೇಕೇ? ಸಿಂಕಿಗೆ ಸುರಿದೆ.

ಜೂನ್ 30
ಕಾರಿನವರೆಗೆ ಹೋದೆ. ಬರಿಗೈಯಲ್ಲಿ. "ಲಾಗರ್ ಹೇಗಿದೆ?" ಅಂದ. "ಮಲಗಿದೆ" ಅಂದೆ.

ಆಗಸ್ಟ್ 18, ಭಾನುವಾರ
ವಾಪಸ್ ಬಂದಿದ್ದಾರೆ. ಅಲಿಸ್ಟರ್ ಅರ್ಧ ಆಗಿದ್ದಾನೆ. ಕುತ್ತಿಗೆಗೆ ಮಫ್ಲರ್, ಪಿಸುದನಿ. ಕೂತವನೇ ಕೇಳಿದ್ದು, "ಎಂಟು ವಾರ ಆಯ್ತಲ್ಲ?"

ಮೂರು ಗ್ಲಾಸಿಗೆ ಸುರಿದೆ. ಬಣ್ಣ ಚೆನ್ನಾಗಿತ್ತು, ನೊರೆಯೂ ನಿಂತಿತು. ನಾನು ಕುಡಿದೆ. ಅದೇ ಘಾಟು, ಅದೇ ಬಾಳೆಹಣ್ಣು. ನೋಲೀನ್ ಒಂದು ಗುಟುಕಿಗೇ ಗ್ಲಾಸ್ ಕೆಳಗಿಟ್ಟು ನನ್ನ ಮುಖ ನೋಡಿದಳು.

ಅವನು ಬೆಳಕಿಗೆ ಹಿಡಿದು ನೋಡಿದ. ಸಣ್ಣ ಸಣ್ಣ ಗುಟುಕು, ನುಂಗಲು ಕಷ್ಟ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡ.

"ನೀನೇ ಸರಿ ಕಣೇ. ಹನ್ನೆರಡು ಡಿಗ್ರಿ ಅಂದ್ರೆ ಹನ್ನೆರಡು ಡಿಗ್ರಿನೇ. ಎಷ್ಟು ಸ್ವಚ್ಛವಾಗಿದೆ. ನನ್ನ ಕಪಾಟಿನ ಬಿಯರಿಗೂ ಇದಕ್ಕೂ ಸಂಬಂಧವೇ ಇಲ್ಲ."

ನೋಲೀನ್ ಎದ್ದು ಅಡುಗೆಮನೆಗೆ ಹೋದಳು.

ಥೇಟ್ ಅವನ ಬಿಯರೇ ಅದು. ಜೂನಿನಲ್ಲಿ ಆ ಹಾಳು ಜಗ್ ಒಯ್ದಿದ್ದರೆ ಒಂದು ಗುಟುಕಿಗೇ ಗುರುತು ಹಿಡಿದು, ನನ್ನನ್ನು ಆಡಿಕೊಂಡು, ಪೂರ್ತಿ ಮುಗಿಸುತ್ತಿದ್ದ. ಸಿಂಕಿಗೆ ಸುರಿದೆನಲ್ಲ.

ಗ್ಲಾಸ್ ಮುಂದೆ ಚಾಚಿದ. "ಇನ್ನರ್ಧ ಹಾಕು. ಅಷ್ಟು ದಿನ ಕಾದದ್ದೂ ಸಾರ್ಥಕ ಆಯ್ತು, ಅಲ್ವಾ?"

ಹಾಕಿದೆ. ಹೌದು ಕಣೋ, ಅಂದೆ. ಆಮೇಲೆ ನನ್ನ ಗ್ಲಾಸನ್ನೂ ತುಂಬಿಸಿ, ಅವನ ಜೊತೆ ಪೂರ್ತಿ ಕುಡಿದೆ.