ಒತ್ತು, ಹಿಡ್ಕೋ, ಬಿಡು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೇಕೋ ಬೈದುಕೋ, ಆದರೆ ಭಾವನ ಮುಂದೆ ಮಾತ್ರ ಬೈಯಬೇಡ, ಅವರಿಗೆ ಆ ಸಂತೋಷ ಬೇಡ. ನಾವಿಬ್ಬರೂ ಇದ್ದೇವೆ. ಊಟ ಮಾಡುತ್ತೇವೆ, ನಿದ್ದೆಯೂ ಬರುತ್ತದೆ. ಮಗಳು ಗುಬ್ಬಿ ತೀರಿಕೊಂಡ ಮೇಲೆ ಮನೆಯಲ್ಲಿ ಜಗಳ ಕೂಡ ಇಲ್ಲ. ಜಗಳವಾಡುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕಲ್ಲ. ಅಳು ಬರುತ್ತದೆಯೇ ಎಂದು ಕೇಳಿದ್ದೀಯ. ಇಲ್ಲ ಅಕ್ಕ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆ ಇರುತ್ತದಲ್ಲ, ಹಾಗಿದ್ದೇನೆ. ಹಗಲೆಲ್ಲ ಕೂತು ಜನರಿಗೆ ಹಲ್ಲಿನ ಸೆಟ್ ಮಾಡಿಕೊಡುವವನಿಗೆ ಇನ್ನೆಂಥ ಮಾತು ಹೊಳೆದೀತು!

"ನಿನ್ನ ಹೆಂಡತಿಯನ್ನು ಒಂದಷ್ಟು ದಿನ ನನ್ನ ಹತ್ತಿರ ಕಳಿಸು" ಎಂದು ಪ್ರತಿ ಕಾಗದದಲ್ಲೂ ಬರೆದಿದ್ದೀಯ. ಆ ಮಾತಿಗೆ ಹೆದರಿಯೇ ಉತ್ತರ ಬರೆಯಲಿಲ್ಲ. ಹೋದರೆ ಅವಳು ತಿರುಗಿ ಬರುವುದಿಲ್ಲ ಎಂದು ನನಗೆ ಭಯ. ಅವಳಿಗೆ ಇಲ್ಲಿ ಉಳಿದಿರುವುದು ನಾನೊಬ್ಬ, ನನ್ನ ಮುಖದ ತುಂಬ ಮಗುವಿನ ಮುಖ. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡೆ. ಒಬ್ಬಳನ್ನೇ ಬಸ್ಸು ಹತ್ತಿಸಿ ಕೈ ಬೀಸುವುದು ಬೇಡ, ನಾನೇ ಕಾರಿನಲ್ಲಿ ಕರೆತಂದರೆ ದಾರಿಯಲ್ಲಾದರೂ ನನ್ನ ಜೊತೆ ನಾಲ್ಕು ಮಾತಾಡಿಯಾಳು ಎಂದು ಆಸೆಯಾಯಿತು. ದಿನಾ ಓಡಿಸುತ್ತಿದ್ದ ಕಾರನ್ನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ವಾರವೇ ಮಾರಿಬಿಟ್ಟಿದ್ದೆ. ಉಳಿದದ್ದು ಮದುವೆಗೆ ಮುಂಚಿನ ನನ್ನ ಹುಚ್ಚು, ಆ ಕೆಂಪು ಸ್ಪೋರ್ಟ್ಸ್ ಕಾರು. ಶೆಡ್ಡಿನ ಬಾಗಿಲು ತೆಗೆದೆ.

ವರ್ಷಗಟ್ಟಲೆ ನಿಂತ ಗಾಡಿ, ಹೊಸ ಬ್ಯಾಟರಿ ಹಾಕಿದಾಗ ಎಂಜಿನ್ ಗುರುಗುಟ್ಟಿತೇ ಹೊರತು ಜಪ್ಪಯ್ಯ ಅಂದರೂ ಕದಲಲಿಲ್ಲ. ಪಕ್ಕದ ಮನೆಯ ಟ್ಯಾಕ್ಸಿಯವನು ಬಂದು ಬಗ್ಗಿ ನೋಡಿದ. "ಬ್ರೇಕ್ ಪ್ಯಾಡು ಡಿಸ್ಕಿಗೆ ಅಂಟ್ಕೊಂಡಿದೆ. ಗ್ಯಾರೇಜಿಗೆ ಕೊಡಿ ಸ್ವಾಮಿ. ನಿಮ್ಮ ಹಲ್ಲಿನ ಸೆಟ್ಟಲ್ಲ ಇದು, ಹೆಚ್ಚುಕಮ್ಮಿ ಆದ್ರೆ ಬಿಚ್ಚಿ ಲೋಟಕ್ಕೆ ಹಾಕಿಡೋಕೆ!" ಎಂದ. ಬೈದರೂ ಜಾಕು, ಸ್ಟ್ಯಾಂಡು ಅವನೇ ತಂದುಕೊಟ್ಟ.

ಚಕ್ರ ಬಿಚ್ಚಿದೆ. ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕಬ್ಬಿಣದ ಮುಷ್ಟಿ ಎಂದುಕೋ. ಅದರ ಒಂದು ಬೋಲ್ಟು ಸಲೀಸಾಗಿ ಬಂತು, ಇನ್ನೊಂದು ನನ್ನ ತೋಳಿನ ಜೀವ ತೆಗೆಯಿತು. ಬ್ರೇಕ್ ಎಣ್ಣೆಯ ಪೈಪಿನ ಮೇಲೆ ಭಾರ ಬೀಳದ ಹಾಗೆ ಕ್ಯಾಲಿಪರನ್ನು ತಂತಿ ಕಟ್ಟಿ ತೂಗುಹಾಕಿದೆ. ಹಳೆಯ ಪ್ಯಾಡು ಕೈಯಲ್ಲೇ ಪುಡಿಯಾಯಿತು. ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿ ಕೂತಿದ್ದವು. ಹಲ್ಲಿನ ಸೆಟ್ಟಿನ ಕೆಲಸಕ್ಕೆ ಬಳಸುವ ಸಣ್ಣ ಬ್ರಷ್ಷಿನಲ್ಲೇ ಉಜ್ಜಿ, ಗ್ರೀಸ್ ಹಚ್ಚಿದೆ. ಪುಣ್ಯಕ್ಕೆ ಪಿಸ್ಟನ್ನಿಗೆ ತುಕ್ಕು ಹಿಡಿದಿರಲಿಲ್ಲ, ಕ್ಲಾಂಪ್ ಹಾಕಿ ಒತ್ತಿದಾಗ ಮೆಲ್ಲಗೆ ಒಳಗೆ ಹೋಯಿತು. ಹೊಸ ಪ್ಯಾಡು ಟಕ್ ಎಂದು ಕೂತಿತು. ಮೊದಲಾಗಿದ್ದರೆ ಸಿಳ್ಳೆ ಹೊಡೆಯುತ್ತಿದ್ದೆ. ಈಗ ಸುಮ್ಮನೆ ಎದ್ದು ಮುಂದಿನ ಚಕ್ರಕ್ಕೆ ಹೋದೆ.

ಇನ್ನು ಹಳೆಯ ಬ್ರೇಕ್ ಎಣ್ಣೆ ತೆಗೆದು, ಪೈಪಿನಲ್ಲಿ ಸೇರಿದ ಗಾಳಿ ಬಿಡಿಸಬೇಕು. ಅದು ಒಂಟಿ ಆಳಿನ ಕೆಲಸವಲ್ಲ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ತಿರುಪು ಸಡಿಲಿಸಿ ಬಿಗಿ ಮಾಡಬೇಕು. ಟ್ಯಾಕ್ಸಿಯವನು ಬಾಡಿಗೆಗೆ ಹೋಗಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸ್ವಲ್ಪ ಬರ್ತೀಯಾ?" ಎಂದೆ. ಏನು, ಎತ್ತ ಎಂದು ಕೇಳದೆ ಬಂದಳು.

"ಒತ್ತು."

"ಒತ್ತಿದೆ."

"ಹಿಡ್ಕೋ."

"ಹಿಡ್ಕೊಂಡಿದೀನಿ."

"ಬಿಡು."

"ಬಿಟ್ಟೆ."

ನಾಲ್ಕು ಚಕ್ರಕ್ಕೂ ಇದೇ. ನಗಬೇಡ ಅಕ್ಕ, ಗುಬ್ಬಿ ಹೋದ ಮೇಲೆ ನಾವಿಬ್ಬರೂ ಇಷ್ಟು ಮಾತಾಡಿದ್ದು ಇದೇ ಮೊದಲು. ಕೊನೆಯ ಚಕ್ರದಲ್ಲಿ ಗಾಳಿ ಯಾವಾಗಲೋ ಹೋಗಿತ್ತು. ಆದರೂ ನಾನು ಒತ್ತು, ಹಿಡ್ಕೋ ಎನ್ನುತ್ತಲೇ ಇದ್ದೆ. ಅವಳಿಗೂ ಗೊತ್ತಾಗಿರಬೇಕು. "ಎಣ್ಣೆ ಮುಗಿದು ಹೋಗಲ್ವಾ?" ಎಂದಳು. ಆಮೇಲೇ ತಿರುಪು ಬಿಗಿ ಮಾಡಿದ್ದು.

ಬೀದಿಯ ಕೊನೆಯವರೆಗೆ ಒಬ್ಬನೇ ಓಡಿಸಿ, ಬ್ರೇಕ್ ಹಾಕಿ ನೋಡಿ ಬಂದೆ. ಒಳ್ಳೆಯ ಹಿಡಿತ. ನನಗೂ ಸ್ವಲ್ಪ ಧೈರ್ಯ ಬಂತು. ಪಕ್ಕದ ಬಾಗಿಲು ತೆಗೆದು ಹಿಡಿದು, "ಬಾ, ಒಂದು ಸುತ್ತು ಹೋಗಿ ಬರೋಣ. ಮುಂದಿನ ವಾರ ಅಕ್ಕನ ಮನೆಗೂ ಇದರಲ್ಲೇ ಹೋಗೋಣ" ಎಂದೆ. ಅವಳು ಹತ್ತಿರ ಬಂದು ಬಗ್ಗಿ ಒಳಗೆ ನೋಡಿದಳು. ಒಂದು ಮಾತು ಹೇಳಿ ಮನೆಯೊಳಗೆ ಹೋದಳು. ಆ ಮಾತನ್ನು ಬರೆಯಲು ಕೈ ಬರುತ್ತಿಲ್ಲ.

ಹಾಗಾಗಿ ನಾವು ಬರುವುದಿಲ್ಲ. ನೀನೇ ಬಂದು ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋಗು. ತಿರುಗಿ ಬರುವುದಿಲ್ಲವೇನೋ ಎಂಬ ಭಯ ಈಗಲೂ ಇದೆ, ಇರಲಿ. ನನ್ನ ಕಣ್ಣೆದುರು ಅವಳು ಹೀಗೆ ಒಣಗುವುದಕ್ಕಿಂತ ನಿನ್ನ ಹತ್ತಿರ ಇರುವುದು ಮೇಲು. ಭಾವನಿಗೆ ನಮಸ್ಕಾರ. ಮಕ್ಕಳಿಗೆ ಈ ಮಾವನ ಆಶೀರ್ವಾದ, ನೂರು ಕಾಲ ಸುಖವಾಗಿರಲಿ. ನಿನ್ನ ಮಂಡಿನೋವನ್ನು ಅಸಡ್ಡೆ ಮಾಡಬೇಡ.

ನಿನ್ನ ತಮ್ಮ

ಮತ್ತೆ: ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಬಂದು ಅವಳನ್ನೇ ಕೇಳುತ್ತೀಯ. ಆ ಕಾರಿಗೆ ಇರುವುದು ಎರಡೇ ಸೀಟು. ಗುಬ್ಬಿ ಹುಟ್ಟಿದಾಗ, ಇವಳನ್ನು ಎಲ್ಲಿ ಕೂರಿಸುವುದು ಎಂದು ನಗುತ್ತಲೇ ಇಬ್ಬರೂ ಅದನ್ನು ಶೆಡ್ಡಿಗೆ ತಳ್ಳಿದ್ದೆವು. ಇಷ್ಟೆಲ್ಲ ಬಿಚ್ಚಿ ಜೋಡಿಸುವಾಗ ನನಗೆ ಅದು ಹೊಳೆಯಲೇ ಇಲ್ಲ, ನಿನ್ನಾಣೆಗೂ. ಅವಳು ಬಗ್ಗಿ ಒಳಗೆ ನೋಡಿ ಹೇಳಿದ್ದು ಇಷ್ಟೇ: "ಈಗ ಜಾಗ ಸಾಕಾಗುತ್ತೆ, ಅಲ್ವಾ?"