ನಾರ್ಸ್‌ಮನ್‌ವರೆಗೆ ಒಂದೇ ರಸ್ತೆ

ಮೇ 29, ಸೆಡೂನಾ. ಬೆಳಿಗ್ಗೆ 7

ಎರಡು ಕ್ಯಾನ್ ನೀರು ತುಂಬಿಸಿದೆ. ಎಂಜಿನ್ ಆಯಿಲ್ ನೋಡಿದೆ. ಟೈರಿಗೆ ಗಾಳಿ. ತೂಗಾಡುತ್ತಿರುವ ಬಂಪರಿಗೆ ಮತ್ತೆ ತಂತಿ ಬಿಗಿದೆ, ಒಡೆದ ಎಡದೀಪಕ್ಕೆ ಟೇಪ್ ಸುತ್ತಿದೆ. ಬಂಪರು, ದೀಪ ಬಿಟ್ಟರೆ ಎಂಟು ತಿಂಗಳು ಇಬ್ಬರು ಸೇರಿ ಮಾಡುತ್ತಿದ್ದ ಕೆಲಸ. ಇವತ್ತು ಒಬ್ಬಳೇ ಅರ್ಧ ಗಂಟೆಯಲ್ಲಿ ಮುಗಿಸಿದೆ. ಇಬ್ಬರಿದ್ದಾಗ ಒಂದು ಗಂಟೆ ಹಿಡಿಯುತ್ತಿತ್ತು, ಮಾತಿಗೇ ಮುಕ್ಕಾಲು ಗಂಟೆ. ಖುಷಿಯಾಗಬೇಕಿತ್ತು. ಆಗಲಿಲ್ಲ.

ಮಾರಿಕಾ ನಿನ್ನೆ ಹೋದಳು. ಅಂಗಡಿ ಮುಂದೆ ಗಾಡಿ ನಿಲ್ಲಿಸುವ ಜಾಗದಲ್ಲಿ, ಎಲ್ಲರೂ ನೋಡುತ್ತಿರುವಾಗ, ತನ್ನ ಚೀಲ ಎತ್ತಿ ಆ ಜರ್ಮನ್ ಜೋಡಿಯ ಬಿಳಿ ವ್ಯಾನ್ ಹತ್ತಿದಳು — ಯೋರ್ಗ್, ಹೆನ್ರಿಕೆ. ನಮಗೆ ಅವರ ಪರಿಚಯವಾಗಿ ನಾಲ್ಕು ದಿನ. ನನಗೂ ಮಾರಿಕಾಗೂ ಪರಿಚಯವಾಗಿ ಇಪ್ಪತ್ತೊಂದು ವರ್ಷ. ನಮ್ಮೂರು ಟಾರ್ಟುವಿನ ಶಾಲೆಯಲ್ಲಿ ಒಂದೇ ಬೆಂಚು.

ಸಾಮಾನು ಹಂಚಿಕೊಂಡೆವು. ಬಹಳ ನ್ಯಾಯವಾಗಿ, ಒಂದು ಅವಳಿಗೆ ಒಂದು ನನಗೆ. ಹಾಗಾಗಿ ಗ್ಯಾಸ್ ಒಲೆ ಅವಳ ಹತ್ತಿರ, ದೊಡ್ಡ ಪಾತ್ರೆ ನನ್ನ ಹತ್ತಿರ. ಚಾಕು ಅವಳದು, ತರಕಾರಿ ಹೆಚ್ಚುವ ಮಣೆ ನನ್ನದು. ಬುದ್ಧಿ ಇಬ್ಬರಿಗೂ ಇಲ್ಲ.

ಆದದ್ದನ್ನು ಬರೆದಿಡುತ್ತೇನೆ. 27ರ ಸಂಜೆ, ಕಿಂಬಾ ದಾಟಿದ ಮೇಲೆ. ಹೊತ್ತು ಮುಳುಗುವ ವೇಳೆಗೆ ಗಾಡಿ ಓಡಿಸಬಾರದು — ಈ ದೇಶಕ್ಕೆ ಬಂದ ಮೊದಲ ದಿನವೇ ಹೇಳಿಕೊಡುವ ಪಾಠ. ಓಡಿಸಿದೆ. ಬಿಟ್ಟಿ ಕ್ಯಾಂಪಿಗೆ ಇನ್ನು ನಲವತ್ತೇ ಕಿಲೋಮೀಟರ್ ಇತ್ತು. ಎಡಗಡೆಯಿಂದ ಕಾಂಗರೂ ಹಾರಿತು. ಬಡಿಯಿತು. ಮಾರಿಕಾ ಕೂಗಿದಳು: "ನಿಲ್ಸು, ಚೀಲ ನೋಡ್ಬೇಕು, ಮರಿ ಇರತ್ತೆ, ನಿಲ್ಸೇ ಕೈಸಾ." ಇಲ್ಲಿನ ರೂಢಿ ಅದು. ಹೊಡೆದವರು ಇಳಿಯಬೇಕು, ಪಕ್ಕಕ್ಕೆ ಎಳೆಯಬೇಕು, ಹೊಟ್ಟೆಚೀಲಕ್ಕೆ ಕೈ ಹಾಕಿ ಮರಿ ಬದುಕಿದೆಯಾ ನೋಡಬೇಕು. ನಾನು ನಿಲ್ಲಿಸಲಿಲ್ಲ. "ಸತ್ತಿದ್ದು ಸತ್ತಿದೆ" ಅಂದೆ. ಕ್ಯಾಂಪ್ ತಲುಪುವವರೆಗೂ ಕೂಗಿದಳು. ಆಮೇಲೆ ಮಾತು ನಿಲ್ಲಿಸಿದಳು. ಅದು ಕೂಗಿದ್ದಕ್ಕಿಂತ ಕಷ್ಟ.

ಇಲ್ಲಿಂದ ನಾರ್ಸ್‌ಮನ್‌ಗೆ ಸಾವಿರದ ಇನ್ನೂರು ಕಿಲೋಮೀಟರ್. ಒಂದೇ ರಸ್ತೆ. ಅಲ್ಲಿ ಕವಲು. ಜರ್ಮನ್ನರು ಎಡಕ್ಕೆ, ಸಮುದ್ರದ ಕಡೆ. ನಾನು ಬಲಕ್ಕೆ, ಪರ್ತ್ ಕಡೆ. ಅಷ್ಟರೊಳಗೆ ಅವಳು ವಾಪಸ್ ಬಂದರೆ ಬಂದಳು. ಇಲ್ಲದಿದ್ದರೆ ಆ ಮುಖ ಇನ್ನು ಯಾವಾಗ ನೋಡುತ್ತೇನೋ ಗೊತ್ತಿಲ್ಲ.

ಅದೇ ದಿನ, ಸಂಜೆ 4

ಪೆನೊಂಗ್ ಊರು ದಾಟಿ ಒಂದು ಕ್ಯಾಂಪ್. ಈಗ ಮೂರು ಗಂಟೆಗೇ ನಿಲ್ಲಿಸಿಬಿಡುತ್ತೇನೆ. ಯಾರೂ ಇಲ್ಲದ ಜಾಗ ಹುಡುಕಿ ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ಬಿಳಿ ವ್ಯಾನ್ ಬಂತು. ಎಲ್ಲರ ಫೋನಿನಲ್ಲೂ ಅದೇ ನಕ್ಷೆ, ಅದೇ ಕ್ಯಾಂಪ್. ಜಗಳವಾಡಿ ತಪ್ಪಿಸಿಕೊಳ್ಳುವುದಕ್ಕೆ ಇದಕ್ಕಿಂತ ಕೆಟ್ಟ ರಸ್ತೆ ಇನ್ನೊಂದಿಲ್ಲ.

ಒಂದೇ ಶೌಚಾಲಯ. ಬಾಗಿಲಲ್ಲಿ ಎದುರಾದಳು. "ಪೇಪರ್ ಇಲ್ಲ," ಅಂದಳು — ಇಂಗ್ಲಿಷಿನಲ್ಲಿ. ನನ್ನ ಜೊತೆ, ಇಂಗ್ಲಿಷಿನಲ್ಲಿ.

ಡಬ್ಬಿಯ ಬೀನ್ಸ್ ತಣ್ಣಗೇ ತಿಂದೆ.

ಮೇ 30, ನಲ್ಲಾರ್ಬರ್ ರೋಡ್‌ಹೌಸ್. ಮಧ್ಯಾಹ್ನ

ಪೆಟ್ರೋಲ್ ಸಾಲಿನಲ್ಲಿ ಅವರು ಮುಂದೆ, ನಾನು ಹಿಂದೆ. ನನ್ನ ಹಿಂದೆ ದೊಡ್ಡ ಕ್ಯಾರವಾನ್ ಎಳೆದುಕೊಂಡು ಒಬ್ಬ ಮುದುಕ. ಹೆಸರು ಮರ್ವ್. ಹೆಂಡತಿ ನೋಲೀನ್. ಕೆಲಸದಿಂದ ನಿವೃತ್ತಿಯಾದ ಮೇಲೆ ಮನೆ ಮಾರಿ ಹೊರಟವರು, ಆರು ವರ್ಷದಿಂದ ಸುತ್ತುತ್ತಿದ್ದಾರಂತೆ. ಆರು ವರ್ಷ... ಕೇಳಿಯೇ ಸುಸ್ತಾಯಿತು.

ಮರ್ವ್ ನನ್ನ ಬಂಪರ್ ನೋಡಿದ, ಮಾರಿಕಾಳನ್ನು ನೋಡಿದ, ನನ್ನನ್ನು ನೋಡಿದ.

"ನೀವಿಬ್ರೂ ಅಕ್ಕತಂಗೀರಾ?"

"ಅಲ್ಲ. ಯಾಕೆ?"

"ಮುಖ ತಿರುಗಿಸ್ಕೊಂಡಿರೋ ರೀತಿ ನೋಡಿದ್ರೆ ಒಂದೇ ತಾಯಿ ಮಕ್ಕಳ ಥರ ಇದೆ."

"ಮರ್ವ್, ಬಾಯ್ಮುಚ್ಕೊಂಡು ಪೆಟ್ರೋಲ್ ಹಾಕಿ," ಅಂದಳು ನೋಲೀನ್ ಕಿಟಕಿಯಿಂದ.

ಅದೇ ದಿನ, ಸಂಜೆ 6

ಬಂಡೆಯಂಚಿನ ಕ್ಯಾಂಪ್. ಕೆಳಗೆ ಸಮುದ್ರ, ಮೇಲೆ ಗಾಳಿ. ನಾಳೆ ರಾಜ್ಯದ ಗಡಿ. ಅಲ್ಲಿ ತಪಾಸಣೆಯವರು ಹಣ್ಣು, ಹಸಿ ತರಕಾರಿ, ಜೇನು ಏನನ್ನೂ ಒಳಗೆ ಬಿಡುವುದಿಲ್ಲ, ಎಲ್ಲ ಕಸದ ಡಬ್ಬಿಗೆ. ಬೇಯಿಸಿದ್ದರೆ ಪರವಾಗಿಲ್ಲ. ಅದಕ್ಕೇ ಗಡಿಯ ಹಿಂದಿನ ಸಂಜೆ ಕ್ಯಾಂಪಿನಲ್ಲಿರುವವರೆಲ್ಲ ತಮ್ಮಲ್ಲಿ ಉಳಿದಿದ್ದನ್ನು ತಂದು ಒಂದೇ ಪಾತ್ರೆಗೆ ಸುರಿದು ಸಾರು ಮಾಡುತ್ತಾರೆ.

ಮರ್ವ್ ಯಜಮಾನಿಕೆ ವಹಿಸಿಕೊಂಡ. "ದೊಡ್ಡ ಪಾತ್ರೆ ಯಾರ ಹತ್ರ ಇದೆ?"

ಕೈ ಎತ್ತಿದೆ.

"ಒಲೆ?"

ಮಾರಿಕಾ ಕೈ ಎತ್ತಲಿಲ್ಲ. ಹೆನ್ರಿಕೆ ಅವಳ ಕೈ ಹಿಡಿದು ಎತ್ತಿದಳು.

"ನಿಮ್ ಕ್ಯಾರವಾನ್‌ನಲ್ಲಿ ಒಲೆ ಇಲ್ವಾ?" ಎಂದು ಕೇಳಿದೆ.

"ಕೆಟ್ಟೋಗಿದೆ ಮಗಳೇ."

ನೋಲೀನ್ ಅವನ ಕಡೆ ಒಂದು ನೋಟ ಬೀರಿದಳು. ಮಧ್ಯಾಹ್ನವಷ್ಟೇ ಆ ಒಲೆಯ ಮೇಲೆ ಮೊಟ್ಟೆ ಕರಿದಿದ್ದಾಳೆ, ವಾಸನೆ ನನಗೂ ಬಂದಿತ್ತು. ಸುಳ್ಳಾದರೂ ನೆಟ್ಟಗೆ ಹೇಳಬಾರದಾ ಈ ಮುದುಕ.

ಮಾರಿಕಾ ಹೆಚ್ಚಿದಳು, ನನ್ನ ಮಣೆಯ ಮೇಲೆ. ನಾನು ಕಲಕಿದೆ, ಅವಳ ಒಲೆಯ ಮೇಲೆ. ಕ್ಯಾರೆಟ್, ಆಲೂಗಡ್ಡೆ, ಅರ್ಧ ಕುಂಬಳಕಾಯಿ, ಜರ್ಮನ್ನರ ಒಣಗಿದ ಕೋಸು, ಯಾರೋ ತಂದ ಮೂರು ಸೇಬು. ಸೇಬನ್ನೂ ಹಾಕಿದಳು.

"ಉಪ್ಪು ಹಾಕಿದ್ಯಾ?"

ನಮ್ಮ ಭಾಷೆಯಲ್ಲಿ ಕೇಳಿದಳು.

"ಹಾಕ್ದೆ."

"ಎಷ್ಟು?"

"ನೀನು ಬೈಯೋವಷ್ಟು."

ನಗಲಿಲ್ಲ. ಆದರೆ ಮೂಗಿನಲ್ಲಿ ಒಂದು ಸದ್ದು ಬಂತು. ಅದು ನಗುವಿನ ಪಕ್ಕದ ಮನೆ, ನನಗೆ ಗೊತ್ತು.

ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಬಂದು ಕೂತಳು. ಮರಳು ಹಾಕಿ ಉಜ್ಜಿದಳು. ತಲೆ ಎತ್ತದೇ ಕೇಳಿದಳು: "ಹೊಡೆದ ತಕ್ಷಣಾನೇ ಸತ್ತಿರತ್ತೆ ಅಲ್ವಾ? ಅಷ್ಟು ಜೋರಾಗಿ ಹೊಡೀತು."

"ಹೂಂ," ಅಂದೆ.

"ನೀನು ನೋಡಿದ್ಯಲ್ಲ."

"ಹೂಂ. ಅಲ್ಲಾಡ್ಲಿಲ್ಲ."

ಸ್ವಲ್ಪ ಹೊತ್ತು ಉಜ್ಜಿದಳು. ಆಮೇಲೆ, "ನಾನೂ ಜಾಸ್ತಿ ಮಾತಾಡ್ಬಿಟ್ಟೆ. ನಾರ್ಸ್‌ಮನ್‌ವರೆಗೂ ಇವರ ಜೊತೆ ಬರ್ತೀನಿ ಅಂದ್ಬಿಟ್ಟಿದೀನಿ, ಅಲ್ಲೀವರೆಗೂ ಪೆಟ್ರೋಲ್ ಪಾಲು ನಂದಿದೆ. ಆಮೇಲೆ ನಿನ್ ಗಾಡಿಗೆ ಬರ್ತೀನಿ. ಯೋರ್ಗ್ ಗೊರಕೆ ಕೇಳಿದ್ರೆ ನೀನೇ ವಾಸಿ ಅನ್ಸತ್ತೆ."

ಬರುತ್ತಾಳೆ. ಅಷ್ಟು ಸಾಕು. ನಿದ್ದೆ ಬರುತ್ತಿದೆ.

ಮೇ 31. ಗಡಿ. ಗಂಟೆ ಎಷ್ಟೋ

ಇಲ್ಲಿ ಮೂರು ಗಡಿಯಾರ. ಹಿಂದಿನ ರಾಜ್ಯದ್ದು, ಮುಂದಿನ ರಾಜ್ಯದ್ದು, ನಡುವಿನ ಊರುಗಳು ತಾವೇ ಇಟ್ಟುಕೊಂಡದ್ದು. ಕೇಳಿದವರೆಲ್ಲ ಬೇರೆ ಬೇರೆ ಹೊತ್ತು ಹೇಳಿದರು. ಯಾವ ಲೆಕ್ಕದಲ್ಲೂ ದಣಿವು ಒಂದೇ.

ತಪಾಸಣೆಯವಳು ಸೀಟಿನ ಕೆಳಗಿಂದ ಒಂದು ಬೆಳ್ಳುಳ್ಳಿ ತೆಗೆದಳು. ಯಾವ ಕಾಲದ್ದೋ, ಮೊಳಕೆ ಬಂದಿತ್ತು. "ಇನ್ನೇನಾದ್ರೂ ಮುಚ್ಚಿಟ್ಟಿದೀಯಾ?" ಎಂದು ನಗುತ್ತಾ ಕೇಳಿದಳು. ಇಲ್ಲ ಅಂದೆ. ಕೆನ್ನೆ ಬಿಸಿಯಾಯಿತು. ಬೆಳ್ಳುಳ್ಳಿಗೆ ಯಾರಾದರೂ ಹಾಗೆ ನಾಚುತ್ತಾರಾ.

ಜೂನ್ 2, ಕೈಗುನಾ. ಬೆಳಿಗ್ಗೆ 8

ನಿನ್ನೆ ಬರೆಯಲಿಲ್ಲ. ಬರೆದಿದ್ದರೆ ಇದನ್ನೇ ಬರೆಯಬೇಕಾಗುತ್ತಿತ್ತು.

ಅದು ಸತ್ತಿರಲಿಲ್ಲ. ಕನ್ನಡಿಯಲ್ಲಿ ಕಂಡಿತು. ರಸ್ತೆಯ ಅಂಚಿನಲ್ಲಿ ಮುಂಗೈ ಊರಿ ತಲೆ ಎತ್ತಿತು. ಏಳಲು ನೋಡಿತು, ಹಿಂಭಾಗ ಏಳಲಿಲ್ಲ. ಮತ್ತೆ ನೋಡಿತು. ನಾನು ಆಕ್ಸಿಲರೇಟರ್ ಒತ್ತಿದೆ. ರಸ್ತೆ ತಿರುಗುವವರೆಗೂ ತಲೆ ಎತ್ತಿಯೇ ಇತ್ತು. ಹಾಗೇ ಎಷ್ಟು ಹೊತ್ತು ಇತ್ತೋ.

ಮಾರಿಕಾಳ ಮುಖ ನೋಡಿ ಅಲ್ಲಾಡಲಿಲ್ಲ ಅಂದೆ. ಅದನ್ನು ನಂಬಿ ಅವಳು ವಾಪಸ್ ಬರುತ್ತಿದ್ದಾಳೆ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಈ ಪುಸ್ತಕ ಬಿಟ್ಟು ಯಾರಿಗೂ ಗೊತ್ತಿಲ್ಲ. ಬಾಯಿ ಬಿಟ್ಟರೆ ಅವಳು ಎಡಕ್ಕೆ ಹೋಗುತ್ತಾಳೆ. ಇಪ್ಪತ್ತೊಂದು ವರ್ಷ ಎಡಕ್ಕೆ ಹೋಗುತ್ತದೆ.

ಮರ್ವ್ ಈಗ ಬಂದು ಚಹಾ ಕೊಟ್ಟು ಹೋದ. ಬಂಪರ್ ನೋಡಿ ತಾನಾಗಿಯೇ ಶುರುಮಾಡಿದ.

"ಕಾಂಗರೂ ತಾನೇ?"

"ಹೌದು."

"ನಾನೂ ಎಷ್ಟೋ ಹೊಡೆದಿದೀನಿ. ಗಾಡೀಲಿ ಹೊಡೆದಿದ್ದು ಒಂದೂ ನೆನಪಿಲ್ಲ. ಎರಡು ಸಲ ಕೆಳಗಿಳಿದು ಸ್ಪ್ಯಾನರಿಂದ ಮುಗಿಸ್ಬೇಕಾಯ್ತು, ನರಳ್ತಾ ಇತ್ತು, ಇನ್ನೇನ್ಮಾಡೋದು. ಅವೆರಡು ಮಾತ್ರ ಮರೆಯೋಕಾಗ್ತಿಲ್ಲ ಮಗಳೇ."

"ಇಳೀದೇ ಹೋಗಿದ್ರೆ?"

ಅವನು ಚಹಾ ಊದಿಕೊಂಡು ಕುಡಿದ. "ಹೋಗೋರೂ ಇದಾರೆ," ಅಂದ. ಬೈದಂತೆ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅದೇ ದಿನ, ಸಂಜೆ

ನೂರ ನಲವತ್ತೈದು ಕಿಲೋಮೀಟರ್ ಒಂದೂ ತಿರುವಿಲ್ಲದ ರಸ್ತೆ. ಸ್ಟಿಯರಿಂಗ್ ಮುಟ್ಟುವುದೇ ಬೇಡ. ಎದುರು ಬಂದವರಿಗೆ ನಮಸ್ಕಾರದ ಬದಲು ಒಂದು ಬೆರಳು ಎತ್ತುವುದು, ಅವರೂ ಎತ್ತುವುದು, ಅಷ್ಟೇ ಕೆಲಸ. ಮಧ್ಯಾಹ್ನದ ಮೇಲೆ ಬೆರಳೂ ಎತ್ತಲಿಲ್ಲ. ರಸ್ತೆ ಬದಿಯಲ್ಲಿ ಸತ್ತು ಬಿದ್ದವು ಎಷ್ಟೋ. ಪ್ರತಿಯೊಂದಕ್ಕೂ ಕಣ್ಣು ಹೋಗುತ್ತದೆ.

ಮನೆಗೆ ಹೋಗಬೇಕು ಅನ್ನಿಸುತ್ತಿದೆ. ಕಪ್ಪು ರೊಟ್ಟಿ, ಮಂಜು, ಬಾಗಿಲಿರುವ ಕೋಣೆ. ಆದರೆ ಅಲ್ಲೂ ಅವಳಿರುತ್ತಾಳೆ, ಎರಡು ಬೀದಿ ಆಚೆ.

ಹೇಳುವುದಿಲ್ಲ. ತೀರ್ಮಾನಿಸಿದ್ದೇನೆ.

ಜೂನ್ 3, ನಾರ್ಸ್‌ಮನ್. ಮಧ್ಯಾಹ್ನ 3

ಹೇಳಿದೆ.

ಪೆಟ್ರೋಲ್ ಬಂಕ್ ಪಕ್ಕ ಕಾಯುತ್ತಿದ್ದೆ. ಬೆನ್ನಿಗೆ ಚೀಲ, ಕಂಕುಳಲ್ಲಿ ಒಲೆ ಇಟ್ಟುಕೊಂಡು ಬಂದಳು. ನಗುತ್ತಿದ್ದಳು. ಆ ನಗು ನೋಡಿಯೇ ತಡೆಯಲಾಗಲಿಲ್ಲ. ನನ್ನ ಸುಳ್ಳು ನಂಬಿ ನಗುತ್ತಿದ್ದಾಳೆ ಅನ್ನಿಸಿತು. ಒಳಗೆ ಕೂರಿಸಿಕೊಂಡು ಪರ್ತ್‌ವರೆಗೆ, ಆಮೇಲೆ ಮುದುಕಿಯಾಗುವವರೆಗೆ ಇದನ್ನು ಹೊತ್ತುಕೊಂಡು ತಿರುಗುವ ಶಕ್ತಿ ನನ್ನಲ್ಲಿ ಇಲ್ಲ. ಒಳ್ಳೆಯತನ ಏನೂ ಅಲ್ಲ. ಸುಸ್ತು.

"ಅದು ಸತ್ತಿರ್ಲಿಲ್ಲ," ಅಂದೆ. "ಕನ್ನಡೀಲಿ ನೋಡ್ದೆ. ತಲೆ ಎತ್ತಿತ್ತು. ನಿಂಗೆ ಸುಳ್ಳು ಹೇಳ್ದೆ."

ಒಲೆಯನ್ನು ಕೆಳಗಿಟ್ಟಳು. ಚೀಲವನ್ನೂ ಇಳಿಸಿದಳು. ಮುಖದ ಮೇಲೆ ನೊಣ ಕೂತಿತ್ತು, ಓಡಿಸಲಿಲ್ಲ. ಆ ಕಡೆ ರಸ್ತೆಯಲ್ಲಿ ಬಿಳಿ ವ್ಯಾನ್ ಇನ್ನೂ ನಿಂತಿತ್ತು. ಈಗ ತಿರುಗಿ ಹೋಗುತ್ತಾಳೆ ಅಂದುಕೊಂಡೆ.

"ಗೊತ್ತು," ಅಂದಳು.

"ಏನು ಗೊತ್ತು?"

"ಬಿದ್ದಿದ್ದು ನನ್ ಕಡೆ ಕಣೇ. ಆ ಕಡೆನೂ ಕನ್ನಡಿ ಇದೆ. ನಿನಗಿಂತ ಚೆನ್ನಾಗಿ ಕಾಣ್ತಿತ್ತು."

"ಮತ್ತೆ ಆವತ್ತು ಪಾತ್ರೆ ತೊಳೆಯೋವಾಗ, ಸತ್ತಿರತ್ತೆ ಅಲ್ವಾ ಅಂತ..."

"ನೀನು ಏನಂತೀಯ ನೋಡೋಣ ಅಂತ. ಅಲ್ಲಾಡ್ಲಿಲ್ಲ ಅಂದೆ. ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಇಬ್ರೂ ಹಂಗೇ ಅಂದ್ಕೊಂಡಿದ್ರೆ ಹಂಗೇ ಆಗಿಹೋಗತ್ತೆ ಅಂತ."

ನನಗೆ ಕೋಪ ಬಂತು. ನಿಜವಾಗಿ ಬಂತು. ಏಳು ದಿನ. ಏಳು ದಿನ ಪಾಪವೆಲ್ಲ ನನ್ನೊಬ್ಬಳದೇ ಅಂತ ತಣ್ಣನೆ ಬೀನ್ಸ್ ತಿಂದಿದ್ದೇನೆ. "ಹಂಗಾದ್ರೆ ಅಷ್ಟು ಕೂಗಾಡಿದ್ದು ಯಾಕೆ? ನಿಲ್ಸು ನಿಲ್ಸು ಅಂತ ಗಂಟಲು ಹರ್ಕೊಂಡ್ಯಲ್ಲ. ಎಲ್ಲರೆದುರು ಗಾಡಿ ಬಿಟ್ಟು ಹೋದ್ಯಲ್ಲ."

ಅವಳು ನೆಲ ನೋಡಿದಳು. ಆಮೇಲೆ ಸಣ್ಣ ಧ್ವನಿಯಲ್ಲಿ ಹೇಳಿದಳು, ಶಾಲೆಯಲ್ಲಿ ಮೇಷ್ಟ್ರ ಮುಂದೆ ಒಪ್ಪಿಕೊಳ್ಳುವಾಗ ಇದೇ ಧ್ವನಿ ಇತ್ತು:

"ನೀನು ನಿಲ್ಸಲ್ಲ ಅಂತ ಗೊತ್ತಿತ್ತು. ಅದಕ್ಕೇ ಅಷ್ಟು ಜೋರಾಗಿ ಕೂಗ್ದೆ. ನೀನೇನಾದ್ರೂ ಬ್ರೇಕ್ ಒತ್ತಿದ್ರೆ... ನಾನು ಇಳೀತಿರ್ಲಿಲ್ಲ ಕೈಸಾ. ಬಾಗಿಲ ಹಿಡಿ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ತೆಗೆಯೋಕಲ್ಲ."

ಜರ್ಮನ್ನರು ಹಾರ್ನ್ ಹೊಡೆದರು. ತಿರುಗಿ ನೋಡದೇ ಕೈ ಬೀಸಿದಳು, ಹೋಗಿ ಅನ್ನುವಂತೆ. ಬಿಳಿ ವ್ಯಾನ್ ಎಡಕ್ಕೆ ತಿರುಗಿತು. ಹೋಯಿತು.

ಹೊಡೆಯಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಕೈ ಏಳಲಿಲ್ಲ. ಚೀಲ ಎತ್ತಿ ಹಿಂದಕ್ಕೆ ಹಾಕಿದೆ.

ಅದೇ ದಿನ, 4.20

ಒಂದು ಗಂಟೆಯಿಂದ ಇಲ್ಲೇ ಇದ್ದೇವೆ. ಅವಳು ಪಕ್ಕದ ಸೀಟಿನಲ್ಲಿ, ಕಾಲು ಮೇಲಿಟ್ಟುಕೊಂಡು. ನಾನು ಬರೆಯುತ್ತಿದ್ದೇನೆ, ಅವಳು ಏನು ಬರೆಯುತ್ತೀಯ ಎಂದು ಕೇಳುತ್ತಿಲ್ಲ. ಹಗುರವಾಗಿಲ್ಲ ಏನೂ. ಭಾರ ಎರಡಾಗಿದೆ, ಹೊರುವವರೂ ಇಬ್ಬರಾಗಿದ್ದೇವೆ, ಅಷ್ಟೇ ವ್ಯತ್ಯಾಸ. ಹೊತ್ತು ಇಳಿಯುತ್ತಿದೆ. ಇವತ್ತು ಹೊರಡುವ ಮಾತು ಇಬ್ಬರೂ ಎತ್ತಲಿಲ್ಲ.

ಈಗ ಕೇಳಿದಳು.

"ಇನ್ನೊಂದು ಅಡ್ಡ ಬಂದ್ರೆ? ಇಳೀತೀಯಾ?"

ನನ್ನ ಉತ್ತರಕ್ಕೆ ಕಾಯುತ್ತಿದ್ದಾಳೆ. ಹೂಂ ಅನ್ನುವುದು ಸುಲಭ, ಅಭ್ಯಾಸವಾಗಿದೆ. ನಿಜ ಹೇಳಬೇಕೆಂದರೆ ಗೊತ್ತಿಲ್ಲ. ಪುಸ್ತಕ ಮುಚ್ಚಿ ಅದನ್ನೇ ಹೇಳುತ್ತೇನೆ.